ಐದೂವರೆಗೆ ಕೆಂಗಲ್

ಮೂವತ್ತೇಳನೆಯ ಸಲ ಒತ್ತಿದಾಗಲೂ ಫೋನು ಕೆಂಗಲ್ ಎಂದೇ ಹೇಳಿತು. ಪ್ರತಿಮಾ ಪುಸ್ತಕದಲ್ಲಿ ಮೂವತ್ತೇಳು ಎಂದು ಬರೆದು, ಅದರ ಎದುರಿಗೆ ಮತ್ತೆ ಕೆಂಗಲ್ ಎಂದು ಬರೆಯಲು ಬೇಸರವಾಗಿ ಮೇಲಿನ ಹೆಸರಿನ ಕೆಳಗೆ ಎರಡು ಸಣ್ಣ ಗೆರೆ ಎಳೆದಳು. ಅಂಥ ಗೆರೆಗಳು ಪುಟದ ತಲೆಯಿಂದ ಬುಡದವರೆಗೆ ಇರುವೆಗಳ ಹಾಗೆ ಸಾಲಾಗಿ ಇಳಿದಿದ್ದವು. ಅವಳು ಕೂತಿದ್ದದ್ದು ರಾಮನಗರದಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯ ಒಂದು ಮಹಡಿಯ ಮೇಲೆ. ಕೆಂಗಲ್ ಅಲ್ಲಿಂದ ಆರೇಳು ಕಿಲೋಮೀಟರ್ ಆಚೆ, ಚನ್ನಪಟ್ಟಣದ ದಾರಿಯಲ್ಲಿ. ಕಿಟಕಿಯಿಂದ ಬಗ್ಗಿದರೆ ಬೇಕರಿ ಕಾಣುತ್ತಿತ್ತು, ರೇಷ್ಮೆಗೂಡಿನ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಆಟೋ ಕಾಣುತ್ತಿತ್ತು, ಎರಡು ಮನೆಗಳ ನಡುವಿನ ಸಂದಿಯಲ್ಲಿ ಬೆಟ್ಟದ ಒಂದು ಬೋಳು ಭುಜ ಕಾಣುತ್ತಿತ್ತು. ಇಷ್ಟೆಲ್ಲ ಕಣ್ಣೆದುರಿಗಿದ್ದರೂ ಕೈಯಲ್ಲಿದ್ದ ಫೋನು ಅಷ್ಟು ಶಾಂತವಾಗಿ ಕೆಂಗಲ್ ಎನ್ನುತ್ತಿದ್ದುದರಿಂದ ಒಂದೊಂದು ಸಲ ಅವಳಿಗೆ, ತಪ್ಪು ತನ್ನದೇ ಇರಬಹುದೇ ಎನಿಸುತ್ತಿತ್ತು. ಯಾರಾದರೂ ದನಿಯೇರಿಸದೆ ಒಂದೇ ಮಾತನ್ನು ಹತ್ತು ಸಲ ಹೇಳಿದರೆ ಹನ್ನೊಂದನೆಯ ಸಲಕ್ಕೆ ಒಪ್ಪಿಕೊಂಡುಬಿಡುವುದು ಅವಳ ಅಭ್ಯಾಸ. ರೇಷ್ಮೆ ಕೃಷಿಯಲ್ಲಿ ಬಿ.ಎಸ್ಸಿ. ಓದಿದ್ದಾಳೆಂದೇ ಅವಳನ್ನು ಇಲ್ಲಿಗೆ ತೆಗೆದುಕೊಂಡಿದ್ದರು. ಈಗಿನ ಕೆಲಸವೆಂದರೆ ಒತ್ತುವುದು, ಕಾಯುವುದು, ಬಂದದ್ದನ್ನು ಬರೆಯುವುದು.

ರೈತರಿಗೆ ಮರಿಹುಳು ಮಾರುವ ಒಂದು ಕಂಪನಿಗಾಗಿ ಈ ಆ್ಯಪ್ ತಯಾರಾಗುತ್ತಿತ್ತು. ಹುಳು ಕೊಂಡವರ ಮನೆಗೆ ಹೋಗಿ, ಅವು ಸರಿಯಾಗಿ ಮೇಯುತ್ತಿವೆಯೇ, ರೋಗ ಬಂದಿದೆಯೇ ಎಂದು ನೋಡಿ ಬರಲು ಕಂಪನಿ ಹನ್ನೆರಡು ಹೆಂಗಸರನ್ನು ಇಟ್ಟುಕೊಂಡಿತ್ತು. ಅವರು ನಿಜವಾಗಿ ಹೋಗುತ್ತಾರೋ ಇಲ್ಲವೋ ಎಂಬ ಅನುಮಾನ ಅದರ ಮ್ಯಾನೇಜರಿಗೆ. ಆ್ಯಪ್ ಹುಳುವಿನ ಫೋಟೋ ತೆಗೆಯಬೇಕು, ಹೆಂಗಸು ಎಲ್ಲಿದ್ದಾಳೆಂದು ತಿಳಿಯಬೇಕು, ಸಂಜೆ ಐದೂವರೆಗೆ ಸರಿಯಾಗಿ ಅವಳ ಹೆಸರು, ಅವಳು ಯಾವ ಊರಿನ ಯಾವ ಜಾಗದಲ್ಲಿದ್ದಾಳೆಂಬುದು ಎರಡನ್ನೂ ಮೇಲಿನವರ ಫೋನಿಗೆ ಮೆಸೇಜು ಮಾಡಬೇಕು. ಫೋಟೋ ಬರುತ್ತಿತ್ತು. ಮೆಸೇಜು ಹೋಗುತ್ತಿತ್ತು. ಊರು ಮಾತ್ರ ಹೀಗೆ.

"ಇದು ಹೆಂಗೆ ಅಂದ್ರೆ ಅಕ್ಕ," ಎಂದು ಮಾಗಡಿ ಕಡೆಯ ಲೋಕೇಶ, ಪ್ರೋಗ್ರಾಂ ಬರೆಯುವವನು, ಮೊದಲ ದಿನವೇ ಬಿಡಿಸಿ ಹೇಳಿದ್ದ. "ನಾವು ಮಾಡಿರೋದು ಬರೀ ವೆಬ್ ಪೇಜು. ಅದನ್ನ ಒಂದು ಡಬ್ಬಿಗೆ ಹಾಕಿ ಫೋನೊಳಗೆ ಕೂರ್ಸಿದೀವಿ. ಕ್ಯಾಮೆರಾ ಎಲ್ಲೈತೆ, ಮೆಸೇಜು ಹೆಂಗ್ ಕಳಿಸ್ಬೇಕು, ತಾನು ಯಾವೂರಲ್ಲೈತೆ, ಅದಕ್ಕೆ ಒಂದೂ ಗೊತ್ತಿಲ್ಲ. ಹೊಸ ಸೊಸೆ ಬಂದಂಗೆ ಅನ್ಕೊಳಿ. ಮನೆ ಒಳಗೇ ಇರ್ತಾಳೆ, ಆದ್ರೆ ಉಪ್ಪು ಬೇಕಂದ್ರೂ ಇನ್ನೊಬ್ರನ್ನ ಕೇಳ್ಬೇಕು. ಹಂಗೆ ಕೇಳ್ಕಂಬಂದು ಹೇಳೋನೇ ಪ್ಲಗಿನ್ನು."

"ಕೇಳ್ಕಂಬಂದು ಹೇಳೋನು ಸುಳ್ಳು ಹೇಳಿದ್ರೆ?"

"ಸೊಸೆ ಏನ್ ಮಾಡ್ತಾಳೆ? ಅದ್ನೇ ನಂಬ್ತಾಳೆ."

ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು, ಒಂದು ಕ್ಷಣ ತಡವಾಗಿ. ಮದುವೆಯಾಗಿ ಹದಿನೆಂಟು ವರ್ಷವಾದರೂ ಅತ್ತೆ ಅಂಬುಜಮ್ಮ ಅಡುಗೆಮನೆಯ ಡಬ್ಬಿಗಳ ಜಾಗವನ್ನು ತಿಂಗಳಿಗೊಮ್ಮೆ ಬದಲಿಸುತ್ತಿದ್ದರು. ಬೇಕೆಂದು ಬದಲಿಸುತ್ತಿದ್ದರೋ, ಒರೆಸುವಾಗ ಹಾಗಾಗುತ್ತಿತ್ತೋ ಅವಳಿಗೆ ಇಂದಿಗೂ ಗೊತ್ತಿರಲಿಲ್ಲ. ಆ ದಿನ ಲೋಕೇಶ, ಮೇಲಿನವರ ಜಾಗಕ್ಕೆ ಪರೀಕ್ಷೆಗೆಂದು ಯಾವುದಾದರೂ ಒಂದು ನಂಬರು ಹೇಳಿ ಎಂದಾಗ ಅವಳ ಬಾಯಿಂದ ತಾನಾಗಿ ಉದುರಿದ್ದು ಗಂಡನ ನಂಬರು. ಬಾಯಿಪಾಠ ಇದ್ದದ್ದು ಅದೊಂದೇ. ನಲವತ್ತೊಂದು ವರ್ಷ ಬದುಕಿ ಒಂದೇ ನಂಬರು ಗೊತ್ತಿದೆಯಲ್ಲ ಎಂಬ ನಾಚಿಕೆಯಲ್ಲಿ, ಬೇಡ ಬೇರೆ ಹಾಕು ಎಂದು ಹೇಳುವ ಹೊತ್ತು ದಾಟಿಹೋಯಿತು. ಕಂಪನಿಯ ಆ ಹೆಂಗಸರ ಹಾಗೆ ನೀವೂ ಫೋನನ್ನು ಬ್ಯಾಗಿನಲ್ಲಿಟ್ಟುಕೊಂಡೇ ಓಡಾಡಬೇಕು, ಮನೆಗೂ ಒಯ್ಯಬೇಕು ಎಂದು ಮಾಲೀಕ ಬೋರಲಿಂಗಯ್ಯನವರು ಅಪ್ಪಣೆ ಮಾಡಿದ್ದರು. ಅವಳು ಒಯ್ಯುತ್ತಿದ್ದಳು.

ಆಫೀಸು ಐದಕ್ಕೆ ಮುಗಿಯುತ್ತದೆ. ಮನೆಯವರು ಆರಕ್ಕೆ ಎಂದುಕೊಂಡಿದ್ದಾರೆ. ಈ ಒಂದು ಗಂಟೆಯನ್ನು ಅವಳು ಯಾರಿಂದಲೂ ಕದ್ದದ್ದಲ್ಲ. ಆರು ತಿಂಗಳ ಹಿಂದೆ ಬೋರಲಿಂಗಯ್ಯನವರು ಹೊತ್ತನ್ನು ಬದಲಿಸಿದಾಗ ಮನೆಯಲ್ಲಿ ಹೇಳಲು ಮರೆತಿದ್ದಳು, ಎರಡನೆಯ ದಿನ ಹೇಳಿದರಾಯಿತು ಎಂದುಕೊಂಡಳು, ಮೂರನೆಯ ದಿನಕ್ಕೆ ಅದು ಸುಳ್ಳಾಗಿ ಹುಳಿತಿತ್ತು. ಆ ಗಂಟೆಯಲ್ಲಿ ಅವಳು ರೈಲ್ವೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರಂನ ಕೊನೆಯ ಸಿಮೆಂಟು ಬೆಂಚಿನ ಮೇಲೆ ಕೂರುತ್ತಿದ್ದಳು. ಅಷ್ಟೇ. ಯಾರೂ ಬರುತ್ತಿರಲಿಲ್ಲ, ಅವಳು ಯಾರಿಗೂ ಕಾಯುತ್ತಿರಲಿಲ್ಲ, ಓದುತ್ತಿರಲಿಲ್ಲ, ಕಡಲೇಕಾಯಿಯನ್ನೂ ತಿನ್ನುತ್ತಿರಲಿಲ್ಲ. ಬಿಡದಿ ಫ್ಯಾಕ್ಟರಿಗಳ ಜನರನ್ನು ತುಂಬಿಕೊಂಡ ಗಾಡಿ ಬಂದು ಅರ್ಧದಷ್ಟನ್ನು ಸುರಿದು ಹೋಗುತ್ತಿತ್ತು. ಅದು ಹೋದ ಮೇಲೆ ಕಲ್ಲುಜಲ್ಲಿಯ ಮೇಲೆ ಬಿಸಿಲು ಮತ್ತೆ ಬಂದು ಕೂರುತ್ತಿತ್ತು. ನೋಡುತ್ತಿದ್ದಳು. ಪಾಪವೇ ಆಗಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು, ಸಿಕ್ಕಿಬಿದ್ದಾಗ ಅಳಬಹುದಿತ್ತು. ಸುಮ್ಮನೆ ಕೂತಿದ್ದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಮನೆಯಲ್ಲಿ ರಾಗಿ ಬೀಸಿಸಬೇಕು, ಅತ್ತೆಯ ಕಾಲಿಗೆ ಎಣ್ಣೆ ಹಚ್ಚಬೇಕು, ನಲವತ್ತೊಂದರ ಹೆಂಗಸು ಸ್ಟೇಷನ್ನಿನಲ್ಲಿ ಸುಮ್ಮನೆ ಕೂತಿದ್ದಳು.

ಮೊದಲ ಮೆಸೇಜು ಹೋದ ಸಂಜೆ ಅವಳಿಗೆ ಅದರ ನೆನಪೇ ಇರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಂಬುಜಮ್ಮ ಬಾಗಿಲಿಗೇ ಬಂದು ಕೈ ಒಡ್ಡಿದರು.

"ಪ್ರಸಾದ ಎಲ್ಲವ್ವ?"

"ಯಾವ ಪ್ರಸಾದ ಅತ್ತೆ?"

"ಅಯ್ಯೋ ಇವಳ ಬಿಂಕವೇ! ಆಫೀಸಲ್ಲಿ ಕೇಳ್ಕೊಂಡು ಬೇಗ್ನೆ ಕೆಂಗಲ್ಲಿಗೆ ಹೋಗಿದ್ದಂತಲ್ಲ. ನಟರಾಜು ಫೋನಿಗೆ ಬಂದೈತಂತೆ, ಪ್ರತಿಮಾ ಕೆಂಗಲ್ಲಿನಲ್ಲವ್ಳೆ ಅಂತ. ಆಂಜನೇಯಪ್ಪನ ತಾವ ಹೋಗಿ ಬರಿಗೈಲಿ ಬಂದ್ಯಾ?"

ಅಲ್ಲ ಅತ್ತೆ, ಅದು ಕೆಟ್ಟಿದೆ ಎನ್ನಬಹುದಿತ್ತು. ಹಾಗಾದರೆ ಐದೂವರೆಗೆ ಎಲ್ಲಿದ್ದೆ ಎನ್ನುವುದು ಮುಂದಿನ ಮಾತು; ಆಫೀಸಿನಲ್ಲಿ ಎಂದರೆ ಆರು ತಿಂಗಳ ಆ ಸುಳ್ಳನ್ನು ಮೊದಲ ಸಲ ಬಾಯಿಬಿಟ್ಟು ಹೇಳಬೇಕು. ಆ ಪ್ರಶ್ನೆ ಅತ್ತೆಯ ನಾಲಿಗೆಯ ಹಿಂದೆ ಬಂದು ನಿಂತದ್ದನ್ನು ಕಂಡು ಪ್ರತಿಮಾ, "ನೂಕುನುಗ್ಗಲು ಅತ್ತೆ, ನಾಳೆ ತರ್ತೀನಿ," ಎಂದುಬಿಟ್ಟಳು. ಮರುದಿನ ಸ್ಟೇಷನ್ ರಸ್ತೆಯಲ್ಲಿ ಪೂಜೆ ಸಾಮಾನು ಮಾರುವ ಗ್ರಂದಿಗೆ ಅಂಗಡಿಯಲ್ಲಿ ಸಿಂಧೂರ ಕೊಂಡು, ಎರಡು ಎಳೆ ತುಳಸಿಯ ಜೊತೆ ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿಸಿದಳು. ಅಂಬುಜಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಹಣೆಗಿಟ್ಟುಕೊಂಡರು. ಆ ದಿನ ಅವರ ಮಂಡಿನೋವು ಕಡಿಮೆಯಾಯಿತು. ನಾಲ್ಕು ದಿನ ಕಡಿಮೆಯೇ ಇತ್ತು.

ಆದರೆ ಅವಳಿಗೆ ತಡೆಯಲಾಗದೆ ಹೋದದ್ದು ನಟರಾಜುವಿನ ಮೃದುತ್ವ. ಬಿಡದಿಯ ಫ್ಯಾಕ್ಟರಿಯಲ್ಲಿ ಏಳು ವರ್ಷದಿಂದ ಅವನ ಕೆಲಸ ಟೆಂಪರರಿ. ಈ ಸಲ ಪರ್ಮನೆಂಟ್ ಮಾಡುವವರ ಪಟ್ಟಿ ಬರುವುದಿತ್ತು. ಊಟಕ್ಕೆ ಕೂತಾಗ ಅವನು ಮುದ್ದೆ ಮುರಿಯುತ್ತ, ಅವಳ ಕಡೆ ನೋಡದೆ, "ನನಗೋಸ್ಕರ ತಾನೆ ಹೋಗ್ತಿರೋದು?" ಎಂದ. ಅವಳು ಸಾರು ಬಡಿಸಿದಳು. "ಬಾಯ್ಬಿಟ್ಟು ಹೇಳ್ಬೇಡ ಬುಡು. ಹೇಳಿದ್ರೆ ಫಲ ಇಲ್ಲ ಅಂತಾರೆ." ಶನಿವಾರ ಅವಳಿಗೊಂದು ಹೊಸ ಜೊತೆ ಚಪ್ಪಲಿ ತಂದ. ರಸ್ತೆಯಿಂದ ದೇವಸ್ಥಾನದವರೆಗೆ ನಡೆಯುವುದಿದೆಯಲ್ಲ, ಹಳೆಯದು ಸವೆದಿದೆ ಎಂದ. ಸವೆದಿದ್ದು ನಿಜ. ಅದು ಸವೆದಿರುವುದನ್ನು ಅವನು ಇಷ್ಟು ವರ್ಷದಲ್ಲಿ ಮೊದಲ ಸಲ ನೋಡಿದ್ದು, ಅವಳು ಹೋಗದ ದಾರಿಯ ನೆಪದಲ್ಲಿ. ಹೊಸ ಚಪ್ಪಲಿ ಹಾಕಿಕೊಂಡು ಅವಳು ಬೆಂಚಿನ ಮೇಲೆ ಕೂತಳು, ಕಾಲನ್ನು ಬೆಂಚಿನಡಿಗೆ ಎಳೆದುಕೊಂಡು, ಯಾರೋ ನೋಡುತ್ತಾರೆಂಬಂತೆ. ಮೊದಲಿನ ಹಾಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಐದೂವರೆಗೆ ಬ್ಯಾಗಿನೊಳಗೆ ಫೋನು ಸಣ್ಣಗೆ ನಡುಗಿ ಅವಳನ್ನು ಕೆಂಗಲ್ಲಿಗೆ ಕಳಿಸಿಬಿಡುತ್ತಿತ್ತು.

ಆಫೀಸಿನಲ್ಲಿ ಲೋಕೇಶ ಹತ್ತು ದಿನದಿಂದ ಒದ್ದಾಡುತ್ತಿದ್ದ. ತಿದ್ದಿದ್ದನ್ನು ಹಳೆಯದರ ಮೇಲೇ ಮತ್ತೆ ಮತ್ತೆ ಫೋನಿಗೆ ಏರಿಸುತ್ತಿದ್ದ. ಬುಧವಾರ ಮಧ್ಯಾಹ್ನ ಬೋರಲಿಂಗಯ್ಯನವರು ಅವಳ ಪುಸ್ತಕವನ್ನು ತಿರುವಿ ಹಾಕಿ ನಿಟ್ಟುಸಿರುಬಿಟ್ಟರು. ಮೊದಲು ಎಸ್‌ಟಿಡಿ ಬೂತು, ಆಮೇಲೆ ಜೆರಾಕ್ಸು, ಊರು ಜಿಲ್ಲೆಯಾದ ಮೇಲೆ ಸಾಫ್ಟ್‌ವೇರು, ಹೀಗೆ ಮೇಲೆ ಬಂದವರು ಅವರು.

"ನಾಳೆ ಸಾಯಂಕಾಲ ಮ್ಯಾನೇಜರು ನೋಡಕ್ಕೆ ಬತ್ತಾರೆ. ಏನ್ಲಾ ಲೋಕೇಶ, ಬಿಡಿಸ್ತೀಯಾ ಇಲ್ವಾ ಇದನ್ನ ಕೆಂಗಲ್ಲಿಂದ?"

"ಸಾರ್, ಪ್ಲಗಿನ್ನು ಏನೋ ಹಿಡ್ಕೊಂಡ್ಬುಟ್ಟೈತೆ."

"ಪ್ಲಗಿನ್ ಅಲ್ಲ ಕಣ್ಲಾ. ಆಂಜನೇಯ ಹಿಡ್ಕೊಂಡವ್ನೆ. ಅವನು ಹಿಡ್ದಿದ್ದನ್ನ ನೀನು ಬಿಡ್ಸಕ್ಕಾಯ್ತದಾ?" ಅವರು ಪುಸ್ತಕ ಮುಚ್ಚಿಟ್ಟರು. ಇದ್ದಕ್ಕಿದ್ದಂತೆ ಮುಖ ಅರಳಿತು. "ಅಲ್ಲಾ, ಅದನ್ನ ಇಲ್ಲಿಗೆ ತರಾಕೆ ಯಾಕೆ ಒದ್ದಾಡ್ತಿದೀವಿ? ನಾವೇ ಅಲ್ಲಿಗೋದ್ರೆ ಮುಗೀತಲ್ಲ! ಮ್ಯಾನೇಜರ್‌ನ ಕೆಂಗಲ್ಲಿಗೇ ಬರೇಳು."

ಲೋಕೇಶ ಪ್ರತಿಮಾಳ ಮುಖ ನೋಡಿದ. ಪ್ರತಿಮಾ ಪುಸ್ತಕ ನೋಡಿದಳು. ಯಾರಿಗೂ ನಗು ಬರಲಿಲ್ಲ. ಒಂದು ನಿಮಿಷದ ಹಿಂದೆ ಇಲ್ಲದ ದಾರಿ ಈಗ ಇದೆಯಲ್ಲ ಎಂದು ಎಲ್ಲರಿಗೂ ಒಳಗೇ ಸಮಾಧಾನವಾಗಿತ್ತು.

ಗುರುವಾರ ಐದು ಗಂಟೆಗೆ ಅವರೆಲ್ಲ ಕೆಂಗಲ್ಲಿನ ಅಂಗಳದಲ್ಲಿ ಒಂದು ಮರದಡಿ ನಿಂತಿದ್ದರು. ಬಿಳಿ ಬೂಟಿನ ಮ್ಯಾನೇಜರು ತಮ್ಮ ಹನ್ನೆರಡು ಹೆಂಗಸರಲ್ಲಿ ಒಬ್ಬಳನ್ನು, ಸರಸಮ್ಮ ಎನ್ನುವವಳನ್ನು, ಫೋನು ಹಿಡಿಯಲು ಬರುತ್ತದೋ ನೋಡೋಣ ಎಂದು ಕರೆತಂದಿದ್ದರು. ಸರಸಮ್ಮ ಒತ್ತಿದಳು. ಕೆಂಗಲ್. ಬೋರಲಿಂಗಯ್ಯನವರು ಕೈಮುಗಿದರು. ಮ್ಯಾನೇಜರು, "ಒಸಿ ದೂರ ಹೋಗಿ ನೋಡಾಣ," ಎಂದು ಎಳನೀರಿನ ಗಾಡಿಯವರೆಗೆ ನಡೆದರು. ಕೆಂಗಲ್. ಹೆದ್ದಾರಿ ದಾಟಿ ಆಚೆ ದಡದಲ್ಲಿ ನಿಂತು ಒತ್ತಿಸಿದರು. ಕೆಂಗಲ್. ಲಾರಿಗಳ ನಡುವೆ ಜೀವ ಕೈಲಿ ಹಿಡಿದು ವಾಪಸು ಬಂದ ಮ್ಯಾನೇಜರ ಮುಖದಲ್ಲಿ ಭಕ್ತಿಯಿತ್ತು. "ಅಲುಗಾಡಕಿಲ್ಲವಲ್ರೀ! ಎಷ್ಟು ಗಟ್ಟಿಯಾಗಿ ಕೂತೈತೆ! ಹನ್ನೆರಡೂ ಮಾಡ್ಕೊಟ್ಬುಡಿ."

ಗಂಡಸರು ಎಳನೀರಿನ ಕಡೆ ತಿರುಗಿದಾಗ ಸರಸಮ್ಮ ಫೋನನ್ನು ಬಿಸಿ ಪಾತ್ರೆಯ ಹಾಗೆ ಸೆರಗಿನಲ್ಲಿ ಹಿಡಿದುಕೊಂಡು ಪ್ರತಿಮಾಳ ಹತ್ತಿರ ಬಂದಳು.

"ಇದು ನಾನೆಲ್ಲಿದ್ರೂ ಹೇಳ್ಬುಡ್ತದಾ ಅಕ್ಕ?"

"ಹೂಂ, ಹೇಳ್ಬೇಕು."

"ಹೊಂಗನೂರಲ್ಲಿ ನನ್ ಮಗಳ ಮನೆ ಐತೆ. ನಾಕು ಮನೆ ಹುಳ ನೋಡ್ಕೊಂಡು, ಅಲ್ಲೋಗಿ ಒಂದು ಗಳಿಗೆ ಕಾಲು ಚಾಚ್ಕೊಂಡು ಮಲಗಿ ಎದ್ದೋಗ್ತೀನಿ. ಮಲಗಿದ್ದೂ ಹೇಳ್ತದಾ?"

"ಮಲಗಿದ್ದು ಹೇಳಲ್ಲ. ಅಲ್ಲಿರೋದು ಹೇಳ್ತದೆ."

"ಅಲ್ಲಿರೋದ್ನೇ ಹೇಳಿದ್ಮೇಲೆ ಇನ್ನೇನು ಉಳೀತು ಬುಡವ್ವ," ಎಂದು ಸರಸಮ್ಮ ಫೋನನ್ನು ಅವಳ ಕೈಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡಳು.

ಆಗ ಐದೂವರೆಯಾಗಿರಬೇಕು. ಪ್ರತಿಮಾಳ ಅಂಗೈಯಲ್ಲಿ ಫೋನು ನಡುಗಿತು. ಅದೇ ಹೊತ್ತಿಗೆ ಬೆನ್ನ ಹಿಂದೆ, ಹತ್ತು ಹೆಜ್ಜೆಯಾಚೆ, ಯಾರದೋ ಜೇಬಿನಲ್ಲಿ ಟಿಂಗ್ ಎಂದಿತು. ತಿರುಗಿದರೆ ನಟರಾಜು. ಫ್ಯಾಕ್ಟರಿ ಬಸ್ಸಿನಿಂದ ಇಲ್ಲೇ ಇಳಿದುಕೊಂಡಿದ್ದ. ಕೈಯಲ್ಲಿ ಒಂದು ತೆಂಗಿನಕಾಯಿ. ಜೇಬಿನಿಂದ ಫೋನು ತೆಗೆದು ಓದಿ, ಅವಳನ್ನು ನೋಡಿ, ಮತ್ತೆ ಓದಿ, ಎರಡೂ ಒಂದೇ ಇವೆಯೆಂದು ಸಂತೋಷಪಟ್ಟ. "ಇವತ್ತು ಲಿಸ್ಟು ಹಾಕಿದ್ರು ಕಣೆ. ನನ್ ಹೆಸ್ರೈತೆ." ಕಾಯಿ ಎತ್ತಿ ತೋರಿಸಿದ. "ನೀನು ಇಲ್ಲೇ ಇರ್ತೀಯಲ್ಲ, ಜೊತೇಲೇ ಕಾಯಿ ಒಡೆಸಾಣ ಅಂತ ಬಂದೆ." ಹೂ ಮಾರುವ ಮಾಯಮ್ಮನ ಮುಂದೆ ನಿಂತು ಮಲ್ಲಿಗೆ ಅಳೆಸುತ್ತ ಅವನು ಹೆಮ್ಮೆಗೆಂದೇ ಕೇಳಿದ: "ಇವ್ಳು ದಿನಾ ಬತ್ತಾಳಲ್ಲ, ನೀವು ನೋಡಿರ್ಬೇಕು."

ಮಾಯಮ್ಮ ಪ್ರತಿಮಾಳನ್ನು ಮೊದಲ ಸಲ ತಲೆಯೆತ್ತಿ ನೋಡಿದಳು. "ನೋಡ್ದೆ ಏನಪ್ಪ! ಒಂದಿನ ತಪ್ಪಿಸಿದೋರಲ್ಲ. ನನ್ತಾವೇ ಹೂ ತಗೊಳೋದು, ಮಾತಿಲ್ಲ ಕತೆಯಿಲ್ಲ, ಮೂರು ಸುತ್ತು ಸುತ್ತೋದು, ಹೋಗೋದು. ಇಂಥಾ ಹೆಂಡ್ತಿ ಸಿಗಾಕೆ ಪುಣ್ಯ ಮಾಡಿರ್ಬೇಕು. ಎರಡು ಮಾರು ಹಾಕ್ಲಾ?"

"ಮೂರು ಹಾಕಿ," ಎಂದ ನಟರಾಜು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ಅವನು ಅವಳ ಪಕ್ಕ. ತಲೆಯಲ್ಲಿ ಮೂರು ಮಾರು ಮಲ್ಲಿಗೆ ಭಾರವಾಗಿತ್ತು. ಫೋನು ಹೇಳಿತು, ಮ್ಯಾನೇಜರು ಒಪ್ಪಿದರು, ಅತ್ತೆಯ ಮಂಡಿ ಒಪ್ಪಿತು, ಈಗ ಫ್ಯಾಕ್ಟರಿಯ ಪಟ್ಟಿ, ಹೂವಿನವಳು. ಬೆಂಚಿನ ಕಡೆ ಸಾಕ್ಷಿ ಹೇಳಲು ಒಬ್ಬರೂ ಇರಲಿಲ್ಲ. ಸ್ಟೇಷನ್ನಿನಲ್ಲಿ ಗಾಡಿಗೆ ಹಸಿರು ಬಾವುಟ ತೋರಿಸುವವನು ಕೂಡ ಅವಳನ್ನು ಗುರುತಿಟ್ಟು ನೋಡಿದವನಲ್ಲ. ಆರು ತಿಂಗಳು ನಾನು ಕೂತದ್ದು ಎಲ್ಲಿ? ಬೆಂಚಿನ ಸಿಮೆಂಟು ಎಷ್ಟು ಒರಟು, ಎಡಗಡೆ ಒಂದು ಮೂಲೆ ಒಡೆದಿದೆಯೋ ಬಲಗಡೆಯೋ ಎಂದು ನೆನಪಿಸಿಕೊಳ್ಳಲು ನೋಡಿದಳು. ಬದಲಿಗೆ ದೇವಸ್ಥಾನದ ಸುತ್ತಿನ ಕಲ್ಲು ಹಾಸು ಕಣ್ಣಿಗೆ ಬಂತು, ಕಾಲಡಿ ತಣ್ಣಗೆ, ದಿನಾ ತುಳಿದದ್ದರಷ್ಟು ಪರಿಚಿತವಾಗಿ. ಅವಳಿಗೆ ಹೆದರಿಕೆಯಾಯಿತು. ಸಿಕ್ಕಿಬೀಳುವ ಹೆದರಿಕೆಯಲ್ಲ, ಅದು ಹಳೆಯದು. ಇದು ಬೇರೆ: ಆ ಒಂದು ಗಂಟೆ, ತನ್ನದು ಎಂದು ಇದ್ದ ಅಷ್ಟೇ ಅಷ್ಟು, ಯಾರೂ ಕಿತ್ತುಕೊಳ್ಳದೆಯೇ ಇಲ್ಲವಾಗಿಬಿಡುತ್ತದೆ, ಇತ್ತು ಎಂಬುದೂ ಉಳಿಯುವುದಿಲ್ಲ ಎಂಬುದು. ನಟರಾಜು ಅವಳ ಕೈಮೇಲೆ ಕೈಯಿಟ್ಟ. ಅವನ ಕೈ ಬೆಚ್ಚಗಿತ್ತು, ಮತ್ತು ಅದು ಕೆಂಗಲ್ಲಿಗೆ ಹೋಗಿ ಬರುವ ಹೆಂಗಸಿನ ಕೈಮೇಲಿತ್ತು.

ಮರುದಿನ ಬೆಳಗ್ಗೆ ಅವಳು ಮತ್ತೆ ಒತ್ತಲು ಕೂತಳು. ಒತ್ತಿದಳು, ಕೆಂಗಲ್ ಬಂತು. ಈ ಸಲ ಬರೆಯುವ ಮೊದಲು ಫೋನಿನ ಪರದೆಯನ್ನು ಸರಿಸಿ ಇನ್ನಷ್ಟು ಕೆಳಗೆ ನೋಡಿದಳು. ಅದರ ತಳದಲ್ಲಿ ಲೋಕೇಶ ತನ್ನ ಅನುಕೂಲಕ್ಕೆಂದು ಹಾಕಿಕೊಂಡು, ಆಮೇಲೆ ತಾನೇ ಮರೆತಿದ್ದ ಸಣ್ಣ ಅಕ್ಷರಗಳ ಒಂದು ಸಾಲಿತ್ತು. ಊರು ತಿಳಿದದ್ದು ಯಾವಾಗ ಎಂಬ ತಾರೀಖು, ಹೊತ್ತು. ಹದಿನೈದು ದಿನದ ಹಿಂದಿನ ಶುಕ್ರವಾರ, ಬೆಳಗ್ಗೆ ಹತ್ತು ನಲವತ್ತೆರಡು. ಇನ್ನೊಮ್ಮೆ ಒತ್ತಿದಳು. ಅದೇ ಶುಕ್ರವಾರ, ಅದೇ ಹತ್ತು ನಲವತ್ತೆರಡು.

ಫೋನು ಬಂದ ಆ ಶುಕ್ರವಾರ ಬೋರಲಿಂಗಯ್ಯನವರು ಡಬ್ಬಿ ಬಿಚ್ಚಲೇ ಬಿಟ್ಟಿರಲಿಲ್ಲ. ಈ ಕಡೆ ಹೊಸ ಲಾರಿಯಾಗಲಿ, ಟ್ರ್ಯಾಕ್ಟರಾಗಲಿ, ಮೊದಲು ಕೆಂಗಲ್ಲಿಗೆ ಹೋಗಿ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಒಡೆದೇ ರಸ್ತೆಗಿಳಿಯುವುದು. ಫೋನಿಗೆ ಚಕ್ರವಿಲ್ಲದ್ದರಿಂದ ಪೂಜಾರಿಗಳು ಸ್ವಲ್ಪ ಯೋಚಿಸಿ ನಿಂಬೆಹಣ್ಣನ್ನು ಅದರ ಮೇಲಿಟ್ಟಿದ್ದರು. ಅದು ಎರಡು ಸಲ ಉರುಳಿ ಬಿದ್ದು ಮೂರನೆಯ ಸಲ ನಿಂತಿತ್ತು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಲೋಕೇಶ ಅಲ್ಲೇ ಆ್ಯಪ್ ಹಾಕಿ ತೆರೆದಿದ್ದ. ಪ್ಲಗಿನ್ನು ಜೀವಮಾನದಲ್ಲಿ ಒಂದೇ ಸಲ ಆಕಾಶವನ್ನು, ಅಲ್ಲಿನ ಉಪಗ್ರಹವನ್ನು, ಕೇಳಿಕೊಂಡು ಬಂದದ್ದು ಅಂದೇ. ಅದನ್ನು ಎತ್ತಿಟ್ಟುಕೊಂಡು, ಯಾರು ಯಾವಾಗ ಕೇಳಿದರೂ ಅದನ್ನೇ ಕೊಡುತ್ತಿತ್ತು. ಲೋಕೇಶ ಹೊಸದನ್ನು ಹಳೆಯದರ ಮೇಲೇ ಏರಿಸುತ್ತಿದ್ದುದರಿಂದ ಅದು ಅಲ್ಲೇ ತಳದಲ್ಲಿ ಉಳಿದಿತ್ತು. ಹುಳುವಿನ ತಟ್ಟೆಯನ್ನು ಶುಚಿ ಮಾಡದೆ ಸೊಪ್ಪಿನ ಮೇಲೆ ಸೊಪ್ಪು ಹಾಕುತ್ತ ಹೋದರೆ ಹಳೆಯದು ಅಡಿಯಲ್ಲೇ ಕೊಳೆಯುತ್ತದೆಂದು ಹುಳು ಸಾಕುವ ಯಾವ ಹೆಂಗಸಿಗಾದರೂ ಗೊತ್ತು. ಪೂರ್ತಿ ತೆಗೆದುಹಾಕಿ, ಹೊಸದಾಗಿ ಹಾಕಿ, ಮೊದಲ ಸಲ ಎಲ್ಲಿ ತೆರೆಯುತ್ತೇವೋ ಅದೇ ಅದರ ಊರು. ಅವಳಿಗೆ ಕೈಕಾಲು ಹಗುರಾದವು. ಹತ್ತು ದಿನ ಹುಡುಕಿ ಸಿಗದೆ ಲೋಕೇಶನ ಕಣ್ಣು ಬತ್ತಿದ್ದವು. ಒಂದು ಮಾತು ಸಾಕು.

"ಏನಾರ ಗೊತ್ತಾಯ್ತಾ ಅಕ್ಕ?" ಎಂದ ಅವನು, ಪರದೆಯಿಂದ ತಲೆಯೆತ್ತದೆ.

ಸರಸಮ್ಮ ಮಗಳ ಮನೆಯಲ್ಲಿ ಕಾಲು ಚಾಚಿದ್ದು ಅವಳ ಕಣ್ಣ ಮುಂದೆ ಬಂತು. ಮುಖ ಗೊತ್ತಿಲ್ಲದ ಇನ್ನೂ ಹನ್ನೊಂದು ಜನ, ಎಲ್ಲೆಲ್ಲೋ, ಯಾವ ಯಾವ ಜಗಲಿಯ ಮೇಲೋ.

"ಇಲ್ಲ," ಎಂದಳು ಪ್ರತಿಮಾ.

ಬೋರಲಿಂಗಯ್ಯನವರು ಹನ್ನೆರಡು ಡಬ್ಬಿಗಳ ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲೇರಿ ಬಂದರು. ಯಾರೂ ಮುಟ್ಟಕೂಡದು, ಮುಂದಿನ ಶುಕ್ರವಾರ ಎಲ್ಲವನ್ನೂ ಕೆಂಗಲ್ಲಿನಲ್ಲೇ ಬಿಚ್ಚುವುದು, ಈ ಹಳೇದು ಪ್ರತಿಮಮ್ಮನ ಹತ್ತಿರವೇ ಇರಲಿ, ಕೈಗುಣ ಚೆನ್ನಾಗಿದೆ ಎಂದರು. "ಆಗ್ಲಿ ಸಾರ್," ಎಂದಳು.

ಸಂಜೆಯವರೆಗೆ ಅವಳು ಅದನ್ನು ಯೋಚಿಸಲಿಲ್ಲ, ಆದರೂ ಅದು ಒಳಗೆ ತಾನಾಗಿ ಗಟ್ಟಿಯಾಗುತ್ತ ಹೋಯಿತು. ಈ ಫೋನಿನಿಂದ ಆ್ಯಪನ್ನು ಪೂರ್ತಿ ತೆಗೆದುಹಾಕುತ್ತೇನೆ. ಪ್ಲಾಟ್‌ಫಾರಂನ ಕೊನೆಗೆ ಹೋಗಿ, ಮೇಲೆ ಸೂರಿಲ್ಲದ ಕಡೆ, ಬೆಂಚಿನ ಮೇಲೆ ಕೂತು ಹೊಸದಾಗಿ ಹಾಕುತ್ತೇನೆ, ಅದು ಆಕಾಶವನ್ನು ಕೇಳಿಕೊಂಡು ಬರುವ ತನಕ ಕಾಯುತ್ತೇನೆ. ಆಮೇಲೆ ಅದು ಬಿಡುವುದಿಲ್ಲ. ಇವತ್ತು ಐದೂವರೆಗೆ ಹೇಳುತ್ತದೆ, ನಾಳೆ ಹೇಳುತ್ತದೆ. ಅವಳು ಮದುವೆಮನೆಯಲ್ಲಿದ್ದರೂ, ಅತ್ತೆಯ ಕಾಲು ತಿಕ್ಕುತ್ತಿದ್ದರೂ, ನಟರಾಜುವಿನ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದರೂ, ಪ್ರತಿಮಾ ರಾಮನಗರ ಸ್ಟೇಷನ್ನಿನಲ್ಲಿದ್ದಾಳೆ ಎಂದು ಅವನ ಜೇಬಿಗೆ ಹೇಳುತ್ತಲೇ ಇರುತ್ತದೆ. ಅಲ್ಲೇನು ಮಾಡ್ತಿದ್ದೆ ಎಂದು ಅವನು ಕೇಳುತ್ತಾನೆ. ಇಂಥದಕ್ಕೆಲ್ಲ ಬಸ್ಸಿನಲ್ಲೇ ಒಂದು ಉತ್ತರ ಕಟ್ಟಿಕೊಂಡು ಇಳಿಯುವವಳು ಅವಳು. ಈ ಸಲ ಕಟ್ಟುವುದಿಲ್ಲ. ಪುಸ್ತಕದಲ್ಲಿ ಊರಿನ ಹೆಸರಿನ ಎದುರಿನ ಕೊನೆಯ ಅಂಕಣದಲ್ಲಿ 'ಸರಿ ಇದೆ' ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿ, ಐದಾಗಲು ಎರಡು ನಿಮಿಷ ಇರುವಾಗಲೇ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಕೆಂಗಲ್ಲಿಗಾ?" ಎಂದರು ಬೋರಲಿಂಗಯ್ಯನವರು ಸಂತೋಷದಿಂದ.

"ಬತ್ತೀನಿ ಸಾರ್," ಎಂದು ಅವಳು ಮೆಟ್ಟಿಲಿಳಿದಳು.